ಬಳುಕಿದ ಕಂಬ

"ಇಲ್ಲ ಆಂಟಿ. ಈ ಹುಡುಗಿಯನ್ನ ನಾನು ಯಾವತ್ತೂ ನೋಡಿಲ್ಲ."

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಹುಡುಗಿ ಫೋಟೊವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ನನಗೆ ವಾಪಸ್ಸು ಕೊಟ್ಟಳು. ದುಂಡು ಮುಖ, ದುಂಡು ಕೈ. ಎಡಗಣ್ಣಿನ ಕೆಳಗೆ ಸಾಸಿವೆಗಿಂತ ದೊಡ್ಡದು, ಮೆಣಸಿನ ಕಾಳಿಗಿಂತ ಚಿಕ್ಕದು ಎನ್ನುವಂಥ ಒಂದು ಮಚ್ಚೆ.

"ಸರಿಯಾಗಿ ನೋಡಮ್ಮ. ನಿನ್ನ ವಯಸ್ಸಿನವಳೇ."

"ಸರಿಯಾಗೇ ನೋಡಿದೆ. ಇಷ್ಟು ತೆಳ್ಳಗೆ ಬೆಳ್ಳಗೆ ಇರೋರನ್ನ ಒಂದು ಸಲ ನೋಡಿದ್ರೆ ಮರೆಯೋಕಾಗುತ್ತಾ?" ಎಂದು ನಕ್ಕಳು. ನಕ್ಕಾಗ ಮುಂದಿನ ಹಲ್ಲೊಂದು ಪಕ್ಕದ ಹಲ್ಲಿನ ಹೆಗಲೇರಿ ಕೂತಿರುವುದು ಕಂಡಿತು. "ಬಿಸ್ಕತ್ ತಗೊಳ್ಳಿ ಆಂಟಿ. ನಿಮ್ಮ ಮುಖ ನೋಡಿದ್ರೆ ಬೆಳಗಿಂದ ಏನೂ ತಿಂದ ಹಾಗಿಲ್ಲ."

ತಿಂದಿರಲಿಲ್ಲ, ನಿಜ. ತೆಗೆದುಕೊಂಡೆ. ಅವಳೂ ಒಂದು ತಿಂದಳು.

ಫೋಟೊ ಸ್ಟುಡಿಯೋದವನ ಮಗಳು ನಿನ್ನೆ ಬೆಳಿಗ್ಗೆ ಶಾಲೆಗೆಂದು ಹೊರಟವಳು ಶಾಲೆಯನ್ನೂ ಮುಟ್ಟಿರಲಿಲ್ಲ, ಮನೆಯನ್ನೂ ಮುಟ್ಟಿರಲಿಲ್ಲ. ಠಾಣೆಗೆ ಕೊಟ್ಟ ಫೋಟೊವನ್ನೇ ಅವರಪ್ಪ ನನಗೂ ಕೊಟ್ಟಿದ್ದ. ಆ ಹುಡುಗಿಯನ್ನು ನಾನು ಎಂದೂ ಕಂಡವಳಲ್ಲ, ಫೋಟೊವನ್ನೇ ಹಿಡಿದು ಊರೆಲ್ಲ ಸುತ್ತಿದ್ದೆ. ಬಸ್ಸಿನವರು ನೋಡಿಲ್ಲ, ಆಟೋದವರು ನೋಡಿಲ್ಲ, ಅಂಗಡಿಯವರು ನೋಡಿಲ್ಲ. ಒಂದು ಜೀವ ಹಗಲು ಹೊತ್ತಿನಲ್ಲಿ ಇಷ್ಟು ಜನರ ಕಣ್ಣು ತಪ್ಪಿಸಿ ಹೋಗಲು ಅದೇನು ಸೊಳ್ಳೆಯೇ?

ಆಸ್ಪತ್ರೆಗೆ ಬಂದದ್ದು ಅವಳ ಸಹಪಾಠಿಯೊಬ್ಬಳನ್ನು ಹುಡುಕಿಕೊಂಡು. ಮೊನ್ನೆ ಆಟದ ಮೈದಾನದಲ್ಲಿ ಓಡುವಾಗ ಕುಸಿದು ಬಿದ್ದವಳು ಇಲ್ಲಿ ಸೇರಿದ್ದಳು. ಕೇಳೋಣವೆಂದರೆ ಒಳಗೆ ಮಲಗಿ ನಿದ್ದೆ ಹೋಗಿದ್ದಳು. ತೋಳಿಗೆ ಗ್ಲುಕೋಸ್ ಏರುತ್ತಿತ್ತು.

"ಏನಾಗಿದೆ ಇವಳಿಗೆ?" ಎಂದು ನರ್ಸನ್ನು ಕೇಳಿದೆ.

"ಸಣ್ಣ ಆಗೋ ಪೌಡರ್ ಅಂತೆ. ಊಟ ಬಿಟ್ಟು ಅದನ್ನೇ ಕುಡಿದಿದ್ದಾಳೆ. ಈಗ ಪರವಾಗಿಲ್ಲ, ಸಂಜೆಗೆ ಎದ್ದು ಕೂರ್ತಾಳೆ. ಅಮ್ಮನಿಗೆ ಪಾಳಿ ಕೆಲಸ, ಆಗಾಗ ಬಂದು ಹೋಗ್ತಾರೆ. ಪುಣ್ಯಕ್ಕೆ ಆ ಬೆಂಚಿನ ಹುಡುಗಿ ನಿನ್ನೆಯಿಂದ ಜೊತೆಗಿದ್ದಾಳೆ."

ನಾನು ಬಿಸ್ಕತ್ತಿನ ಪುಡಿ ಕೊಡವಿಕೊಂಡು ಬಸ್ ನಿಲ್ದಾಣದ ಕಡೆಗೆ ಹೊರಟೆ.

*

ನಿಲ್ದಾಣದ ಲಗೇಜ್ ಕೊಠಡಿಯಲ್ಲಿ ಕೂತಿದ್ದ ತಾತ ಫೋಟೊ ನೋಡಿ ತಲೆ ಆಡಿಸಿದ. ನನ್ನ ಕಣ್ಣು ಅವನ ತಲೆಯ ಮೇಲಿನ ಹಲಗೆಗೆ ಹೋಯಿತು. ಅಲ್ಲೊಂದು ಕಪ್ಪು ಚೀಲ. ಮೇಲೆ ಹುಡುಗಿಯ ಅಪ್ಪನ ಸ್ಟುಡಿಯೋದ ಹೆಸರು, ಬಿಳಿ ಅಕ್ಷರದಲ್ಲಿ. ಮದುವೆಗಳಿಗೆ ಹೋಗುವಾಗ ಲೈಟು ವೈರು ತುಂಬಿಕೊಳ್ಳಲು ಅವರಪ್ಪ ಮಾಡಿಸಿಟ್ಟಿದ್ದ ಚೀಲ.

"ತಾತಾ, ಈ ಬ್ಯಾಗ್ ಇಟ್ಟೋಳು ಇವಳೇ ತಾನೇ?"

"ಅಲ್ಲ."

"ಕನ್ನಡಕ ಹಾಕ್ಕೊಂಡು ನೋಡಿ."

"ಹಾಕ್ಕೊಂಡೇ ಇದ್ದೀನಲ್ಲಮ್ಮ! ಮೂಗಿನ ಮೇಲೆ ಇನ್ನೇನು ಕೂತಿದೆ, ಕಾಗೆನಾ?" ತಾತನಿಗೆ ನನಗಿಂತ ಬೇಗ ಸಿಟ್ಟು ಬಂತು. "ಇಟ್ಟೋಳು ದುಂಡು ದುಂಡಗಿದ್ಳು. ಕಣ್ಣಿನ ಕೆಳಗೆ ಮಚ್ಚೆ. ಈ ಫೋಟೊದೋಳು ಊದಿದ್ರೆ ಹಾರಿಹೋಗೋ ಹಾಗಿದ್ದಾಳೆ. ಆ ಬ್ಯಾಗು ಎತ್ತಿ ನೋಡಿ, ನನಗೇ ಸೊಂಟ ಹಿಡೀತು."

ಕಣ್ಣಿನ ಕೆಳಗೆ ಮಚ್ಚೆ!

ನನ್ನ ಬಾಯಲ್ಲಿ ಇನ್ನೂ ಅವಳ ಬಿಸ್ಕತ್ತಿನ ರುಚಿ ಇತ್ತು. ಅಂಥ ಹುಡುಗಿ ನನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದ್ದಳು.

ಪೊಲೀಸ್ ಕೆಲಸ ಬಿಟ್ಟರೂ ಊರಿನವರಿಗೆ ನಾನು ಪೊಲೀಸಮ್ಮನೇ. ತಾತ ಗೊಣಗುತ್ತಲೇ ಚೀಲ ಕೊಟ್ಟ. ಒಂದು ಮೂಲೆಗೆ ಒಯ್ದು ಗೋಡೆಯ ಕಡೆ ತಿರುಗಿ ಜಿಪ್ ತೆಗೆದೆ. ಮೇಲೊಂದು ಶಾಲೆಯ ಆಟದ ಅಂಗಿ. ಅದರ ಕೆಳಗೆ ಡಬ್ಬಿಗಳು. ಒಂದಲ್ಲ ಎರಡಲ್ಲ, ಚೀಲದ ತುಂಬ ಡಬ್ಬಿಗಳು. ಎಲ್ಲಕ್ಕೂ ಒಂದೇ ಹಸಿರು ಚೀಟಿ, ಚೀಟಿಯ ಮೇಲೆ ಅಳತೆ ಟೇಪು ಸುತ್ತಿದ ಒಂದು ಸೊಂಟ. ಕೆಲವು ಅರ್ಧ ಖಾಲಿ, ಕೆಲವಕ್ಕೆ ಚಮಚ ಮುಟ್ಟಿಯೇ ಇಲ್ಲ.

ಜಿಪ್ ಎಳೆದೆ. ಯಾರಿಗೂ ಹೇಳಲಿಲ್ಲ.

ನನ್ನ ತಲೆಯಲ್ಲಿ ಕಥೆ ತಾನಾಗಿಯೇ ಕಟ್ಟಿಕೊಂಡಿತು. ಆ ದುಂಡು ಹುಡುಗಿ ಈ ಪೌಡರ್ ಮಾರುವವಳು. ಸ್ಟುಡಿಯೋದವನ ಮಗಳು ಅದನ್ನು ಕುಡಿದು ಕಡ್ಡಿಯಾದವಳು. ಒಬ್ಬಳು ಆಗಲೇ ಆಸ್ಪತ್ರೆ ಸೇರಿದ್ದಾಳೆ. ಇನ್ನೊಬ್ಬಳನ್ನು ಎಲ್ಲಿ ಮಲಗಿಸಿದ್ದಾಳೋ!

ಓಡಿದೆ ಎನ್ನಬೇಕು, ನನ್ನ ಮಂಡಿಗಳು ಅದನ್ನು ಒಪ್ಪುವುದಿಲ್ಲ. ಅಂತೂ ಆಸ್ಪತ್ರೆ ಮುಟ್ಟಿದೆ. ಬೆಂಚು ಖಾಲಿ. ಬಿಸ್ಕತ್ತಿನ ಕಾಗದವನ್ನು ನೀಟಾಗಿ ಮಡಿಸಿ ಬೆಂಚಿನ ಸಂದಿಗೆ ಸಿಕ್ಕಿಸಿದ್ದಳು.

"ನೀವು ಹೋದ ಹಿಂದೆನೇ ಹೊರಟ್ಳು," ಎಂದಳು ನರ್ಸು. "ಸ್ವಲ್ಪ ಕೆಲಸ ಇದೆ, ಮುಗಿಸಿ ಬರ್ತೀನಿ ಅಂದ್ಳು."

*

ಸ್ಟುಡಿಯೋ ಎಂದರೆ ಮುಂದೆ ಒಂದು ಕೌಂಟರು, ಹಿಂದೆ ಒಂದು ಕೋಣೆ. ಕೋಣೆಯ ಗೋಡೆಗೆ ಒಂದು ಪರದೆ. ಪರದೆಯ ಮೇಲೆ ಅರಮನೆಯ ಕಂಬಗಳು, ಹಿಂದೊಂದು ಕೊಳ, ಕೊಳದಲ್ಲಿ ಎಂದೂ ಮುಂದೆ ಹೋಗದ ಎರಡು ಹಂಸ. ಪಕ್ಕದಲ್ಲಿ ಕಂಪ್ಯೂಟರ್ ಮೇಜು.

ಗಂಡ ಫೋಟೊ ತೆಗೆಯುವವನು, ಹೆಂಡತಿ ಫಿನಿಶಿಂಗ್ ಮಾಡುವವಳು. ಅಂದರೆ ತೆಗೆದ ಫೋಟೊವನ್ನು ಕಂಪ್ಯೂಟರಿನಲ್ಲಿ ತಿದ್ದುವವಳು. ಮಗಳು ಕಾಣೆಯಾಗಿರುವಾಗಲೂ ಅವಳ ಕೈ ಮೌಸಿನ ಮೇಲಿತ್ತು. ತೆರೆಯ ಮೇಲೆ ಯಾವನೋ ಮದುಮಗನ ಹೊಟ್ಟೆ ನಿಧಾನವಾಗಿ ಕರಗುತ್ತಿತ್ತು.

"ಕೈ ಸುಮ್ಮನಿದ್ರೆ ತಲೆ ಕೆಟ್ಟುಹೋಗುತ್ತೆ ಮೇಡಂ," ಎಂದಳು. ಕಣ್ಣು ಊದಿಕೊಂಡಿತ್ತು.

ಗಂಡ ಮೂಲೆಯಲ್ಲಿ ನಿಂತು ಲೆನ್ಸ್ ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ. ಲೆನ್ಸ್ ಒರೆಸುವ ಹಳದಿ ಬಟ್ಟೆಯನ್ನು ಅವನು ಯಾವಾಗಲೂ ಬಲ ಮಣಿಕಟ್ಟಿಗೆ ಸುತ್ತಿಕೊಂಡಿರುತ್ತಾನೆ.

ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಅವನ ತಾಯಿ ಕೂತಿದ್ದಳು. ಕಣ್ಣಿನ ಪೊರೆ ತೆಗೆಸಿಕೊಂಡು ಹೆಚ್ಚು ದಿನವಾಗಿಲ್ಲ, ಕಪ್ಪು ಕನ್ನಡಕ. ಕೈಯಲ್ಲಿ ಮೊಬೈಲು. ನಿನ್ನೆ ನಾನು ಮೊದಲ ಸಲ ಬಂದಾಗ ಈ ಅಜ್ಜಿ ಫೋಟೊ ನೋಡಿ "ಇದ್ಯಾರ ಮಗು?" ಎಂದಿದ್ದಳು. ಸೊಸೆ ನನ್ನ ಕಡೆ ತಿರುಗಿ ಕಣ್ಣಲ್ಲೇ ಸನ್ನೆ ಮಾಡಿದ್ದಳು, ಪಾಪ, ಇನ್ನೂ ಕಣ್ಣು ಸರಿಹೋಗಿಲ್ಲ ಎಂದು. ನಾನೂ ತಲೆದೂಗಿದ್ದೆ.

ಚೀಲವನ್ನು ನನ್ನ ಕಾಲ ಬಳಿ ಇಟ್ಟುಕೊಂಡು ಕೇಳಿದೆ. "ನಿಮ್ಮ ಮಗಳಿಗೆ ಒಬ್ಬ ಗೆಳತಿ ಇದ್ದಾಳೆ. ದುಂಡಗಿದ್ದಾಳೆ. ನಿಮ್ಮ ಬ್ಯಾಗನ್ನ ನಿಲ್ದಾಣದಲ್ಲಿ ಇಟ್ಟೋಳು ಅವಳೇ. ಯಾರವಳು?"

"ನಮ್ಮ ಹುಡುಗಿಗೆ ಅಂಥ ಗೆಳತಿ ಯಾರೂ ಇಲ್ಲ," ಎಂದಳು ತಾಯಿ.

"ಇದ್ದಾಳೆ. ನಾನೇ ಕಣ್ಣಾರೆ ನೋಡಿದ್ದೀನಿ. ಎಡಗಣ್ಣಿನ ಕೆಳಗೆ ಮಚ್ಚೆ."

ಅಜ್ಜಿ ಮೊಬೈಲಿನಿಂದ ತಲೆ ಎತ್ತಿದಳು. "ಏನಮ್ಮಾ ಪೊಲೀಸಮ್ಮ, ನಕ್ಕರೆ ಹಲ್ಲಿನ ಮೇಲೆ ಹಲ್ಲು ಕಾಣುತ್ತಾ?"

"ಹೂಂ."

"ತಿನ್ನೋಕೆ ಏನಾದ್ರೂ ಕೊಟ್ಟಳಾ?"

"ಬಿಸ್ಕತ್ ಕೊಟ್ಳು. ಅದು ನಿಮಗೆ ಹೇಗೆ ಗೊತ್ತು?"

"ಗೊತ್ತಿಲ್ಲದೆ ಏನು? ಎತ್ತಿ ಆಡಿಸಿದ್ದೀನಿ!" ಅಜ್ಜಿ ಕುರ್ಚಿಯ ಕೈಗೆ ರಪ್ಪೆಂದು ಹೊಡೆದಳು. "ಅವಳೇ ನಮ್ಮ ಬೆಣ್ಣೆ. ನನ್ನ ಮೊಮ್ಮಗಳು. ಗೆಳತಿ ಅಂತೆ ಗೆಳತಿ!"

ಮದುಮಗನ ಹೊಟ್ಟೆ ಅರ್ಧಕ್ಕೇ ನಿಂತಿತ್ತು.

ನಾನು ಜೇಬಿನಿಂದ ಫೋಟೊ ತೆಗೆದೆ. ನೂರಾರು ಜನರಿಗೆ ತೋರಿಸಿದ್ದ ಅದನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ತೆಳ್ಳನೆಯ ಹುಡುಗಿ, ಕನ್ನಡಿಯಂಥ ಕೆನ್ನೆ, ಮಚ್ಚೆ ಇಲ್ಲ, ಹಲ್ಲು ಸಾಲಾಗಿವೆ. ಹಿಂದೆ ಇದೇ ಪರದೆ, ಇದೇ ಅರಮನೆಯ ಕಂಬ. ಕಂಬ ಮೇಲಿನಿಂದ ನೆಟ್ಟಗೆ ಇಳಿದು ಬಂದು, ಹುಡುಗಿಯ ಸೊಂಟದ ಹತ್ತಿರ ಒಳಗೆ ಬಳುಕಿ, ಮತ್ತೆ ನೆಟ್ಟಗಾಗಿತ್ತು.

ಗೋಡೆಯ ಮೇಲಿನ ಪರದೆ ನೋಡಿದೆ. ಅಲ್ಲಿ ಕಂಬ ಕಂಬದ ಹಾಗೇ ಇತ್ತು. ಕಂಪ್ಯೂಟರಿನಲ್ಲಿ ಸೊಂಟವನ್ನು ಒಳಗೆ ಒತ್ತಿದಾಗ ಹಿಂದಿನ ಕಂಬವೂ ಜೊತೆಗೆ ಒತ್ತಿಕೊಂಡಿತ್ತು.

ನನ್ನ ನೆತ್ತಿಯಲ್ಲಿ ಏನೋ ಸಿಡಿಯಿತು.

"ಸೊಂಟ ಬಳುಕೋದು ಕೇಳಿದ್ದೀನಿ. ಕಂಬ ಬಳುಕೋದನ್ನ ಇವತ್ತೇ ನೋಡಿದ್ದು!" ಫೋಟೊವನ್ನು ಕೀಬೋರ್ಡಿನ ಮೇಲೆ ಬಡಿದೆ. "ಆ ಮಗು ನನ್ನ ಮುಂದೆ ಮೊಳ ದೂರದಲ್ಲಿ ಕೂತಿತ್ತು. ಅವಳ ಕೈಗೇ ಅವಳ ಫೋಟೊ ಕೊಟ್ಟು 'ಇವಳನ್ನ ನೋಡಿದ್ದೀಯಾ' ಅಂತ ಕೇಳಿ ಬಂದಿದ್ದೀನಿ ನಾನು! ಯಾವತ್ತೂ ನೋಡಿಲ್ಲ ಅಂದ್ಳು. ಸುಳ್ಳು ಹೇಳಲಿಲ್ಲ ಅವಳು. ಸುಳ್ಳು ಹೇಳಿದ್ದು ನೀನು!"

"ಸಿಕ್ಕಳಾ?" ತಾಯಿ ಎದ್ದು ನಿಂತಳು. ನನ್ನ ಬೈಗುಳ ಅವಳ ಕಿವಿಗೇ ಬಿದ್ದಿರಲಿಲ್ಲ. "ಚೆನ್ನಾಗಿದ್ದಾಳಾ ಮೇಡಂ? ಏನಾದ್ರೂ ತಿಂದಿದ್ದಾಳಾ?"

"ಚೆನ್ನಾಗೇ ಇದ್ದಾಳೆ. ತಿಂತಾ ಇದ್ಳು. ನನಗೂ ತಿನ್ನಿಸಿದ್ಳು. ಆಸ್ಪತ್ರೇಲಿ ಗೆಳತಿ ಜೊತೆ ಇದ್ಳು, ಏನೋ ಕೆಲಸ ಮುಗಿಸಿ ಅಲ್ಲಿಗೇ ವಾಪಸ್ಸು ಬರ್ತಾಳಂತೆ."

ಅವಳು ಮೇಜು ಹಿಡಿದುಕೊಂಡು ಅಲ್ಲೇ ಕುಸಿದು ಕೂತಳು. ಅಳು ಬಂತು, ಅಳುವಿನ ಮಧ್ಯೆ ಒಂದು ನಗುವೂ ಬಂತು.

ಅಲ್ಲಿಗೆ ಬಿಡಬಹುದಿತ್ತು. ನನ್ನ ಜಾಯಮಾನ ಅಂಥದ್ದಲ್ಲ.

"ಕಳೆದುಹೋದ ಮಗಳ ಫೋಟೊವನ್ನೂ ತಿದ್ದಿ ಕೊಟ್ಟಿದ್ದೀಯಲ್ಲ, ನಿನ್ನ ತಲೆ ನೆಟ್ಟಗಿದೆಯಾ?"

"ತಿದ್ದದೇ ಇರೋದನ್ನ ಹುಡುಕಿದೆ ಮೇಡಂ." ಅವಳ ಧ್ವನಿ ಕೇಳಿಸುವಷ್ಟೂ ಇರಲಿಲ್ಲ. "ನಿನ್ನೆ ಈ ಕಂಪ್ಯೂಟರೆಲ್ಲ ತಡಕಿದೆ. ಅವಳು ಮಗುವಾಗಿದ್ದಾಗಿನಿಂದ ಎಲ್ಲ ಇದೆ. ತಿದ್ದದೇ ಇರೋದು ಒಂದೂ ಇಲ್ಲ. ತಿದ್ದಿ ಹಳೇದರ ಮೇಲೇ ಸೇವ್ ಮಾಡಿಬಿಡ್ತೀನಿ, ಜಾಗ ಉಳೀಲಿ ಅಂತ. ಇದ್ದಿದ್ದರಲ್ಲಿ ಕಡಿಮೆ ತಿದ್ದಿದ್ದು ಅದೇ. ಪೊಲೀಸರಿಗೂ ಅದನ್ನೇ ಕೊಟ್ಟೆ."

ಕಡಿಮೆ ತಿದ್ದಿದ್ದು!

"ಯಾಕೆ? ಯಾಕೆ ತಿದ್ದಬೇಕು? ಏನು ಕಡಿಮೆ ಆಗಿತ್ತು ಆ ಮಗುವಿಗೆ?"

"ನಮ್ಮಪ್ಪನೂ ಇದೇ ಕೆಲಸ ಮಾಡ್ತಿದ್ದ. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖದ ಕಲೆ ಅಳಿಸ್ತಿದ್ದ. ಗಿರಾಕಿ ಮನೆಗೆ ಹೋಗಿ ಖುಷಿಯಾಗಿ ನೋಡ್ಕೊಬೇಕು ಅಂತಿದ್ದ. ನಾನು ದಿನಾ ಎಲ್ಲರದ್ದೂ ಮಾಡ್ತೀನಿ. ಹೊಟ್ಟೆ ತೆಗೀರಿ, ಬಣ್ಣ ಹೆಚ್ಚಿಸಿ, ಕತ್ತು ಉದ್ದ ಮಾಡಿ ಅಂತ ಅವರೇ ಕೇಳ್ತಾರೆ. ಮಗಳದ್ದು ತೆರೆ ಮೇಲೆ ಬಂದರೆ ಕೈ ತಾನಾಗೇ ಹೋಗುತ್ತೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಶಾಲೇಲಿ ನನಗೆ ಏನೇನು ಹೆಸರಿಟ್ಟಿದ್ರು ಅಂತ ನಿಮಗೆ ಗೊತ್ತಿಲ್ಲ ಮೇಡಂ. ಈಗಿನ ಮಕ್ಕಳು ಬರೀ ಶಾಲೇಲಿ ಅನ್ನಲ್ಲ, ಫೋನಲ್ಲಿ ಊರಿಗೆಲ್ಲ ಕೇಳೋ ಹಾಗೆ ಅಂತಾರೆ. ನನ್ನ ಮಗಳನ್ನ ಯಾರೂ ಒಂದು ಮಾತು ಅನ್ನಬಾರದು ಅಂತ..."

"ಯಾರೂ ಅನ್ನೋಕೆ ಮೊದಲೇ ನೀನು ಅಂದುಬಿಟ್ಟೆ. ಬಾಯಲ್ಲಿ ಅನ್ನಲಿಲ್ಲ, ಮೌಸಲ್ಲಿ ಅಂದೆ."

ಅವಳು ಮೌಸಿನಿಂದ ಕೈ ತೆಗೆದಳು. ಬಿಸಿ ಪಾತ್ರೆ ಮುಟ್ಟಿದವಳ ಹಾಗೆ.

ಮೂಲೆಯಲ್ಲಿದ್ದ ಗಂಡ ಲೆನ್ಸ್ ಒರೆಸುವುದನ್ನು ನಿಲ್ಲಿಸಿದ್ದ.

ಅಜ್ಜಿ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದಳು. "ಅದು ಹಾಗಿರಲಿ. ನಮ್ಮ ಬೆಣ್ಣೆ ನಿಜವಾಗಿ ಇರೋ ಹಾಗಿರೋ ಫೋಟೊ ಒಂದು ಇಲ್ಲಿದೆ. ನೋಡು."

ಅದೊಂದು ಜಾಹೀರಾತು. ಪಕ್ಕಪಕ್ಕದಲ್ಲಿ ಎರಡು ಚಿತ್ರ. ಎಡಗಡೆ ಬೆಂಚಿನ ಮೇಲೆ ನಾನು ಕಂಡ ಹುಡುಗಿ, ಮಚ್ಚೆ ಹಲ್ಲು ಎಲ್ಲ ಇದ್ದ ಹಾಗೆ. ಬಲಗಡೆ ನನ್ನ ಜೇಬಿನಲ್ಲಿದ್ದ ಕಡ್ಡಿ ಹುಡುಗಿ. ಎಡಗಡೆಯದಕ್ಕೆ 'ಮೊದಲು', ಬಲಗಡೆಯದಕ್ಕೆ 'ಈಗ'. ಕೆಳಗೆ ಹಸಿರು ಚೀಟಿಯ ಡಬ್ಬಿ, ಅಳತೆ ಟೇಪು ಸುತ್ತಿದ ಸೊಂಟ. ಎರಡರಲ್ಲೂ ಒಂದೇ ಅಂಗಿ, ಒಂದೇ ಕ್ಲಿಪ್ಪು, ಹಣೆಯ ಮೇಲೆ ಬಿದ್ದ ಅದೇ ಒಂದು ಎಳೆ ಕೂದಲು.

"ಇದು ಎಷ್ಟು ದಿನದಿಂದ ಬರ್ತಿದೆ ಅಜ್ಜಿ?"

"ಬಹಳ ದಿನ ಆಯ್ತು. ನಮ್ಮ ಬೆಣ್ಣೆ ಫೋನಲ್ಲಿ ಬಂದಿದ್ದಾಳೆ ಬನ್ರೋ ಅಂತ ಕೂಗಿದೆ. ಕಣ್ಣಿಗೆ ಔಷಧಿ ಬಿಟ್ಕೊಂಡು ಮಲಕ್ಕೊ ಅಂದ್ರು."

ಕಾಲ ಬಳಿಯ ಚೀಲ ಈಗ ನನಗೆ ಬೇರೆ ಥರ ಕಂಡಿತು. ಆ ಹುಡುಗಿ ಡಬ್ಬಿ ಮಾರುವವಳಲ್ಲ. ಜಾಹೀರಾತಿನಲ್ಲಿ ತನ್ನ ಮುಖ ನೋಡಿ ಗೆಳತಿಯರು ಕೊಂಡ ಡಬ್ಬಿಗಳನ್ನು ಒಬ್ಬೊಬ್ಬರಿಂದಲೂ ಬೇಡಿ, ಕಾಡಿ, ಕಿತ್ತುಕೊಂಡು ಬಂದವಳು. ಮನೆಯಲ್ಲಿಡಲು ಆಗದೆ, ಶಾಲೆಯಲ್ಲಿಡಲು ಆಗದೆ, ನಿಲ್ದಾಣದಲ್ಲಿ ಇಟ್ಟವಳು. ಕೊಡದೆ ಕುಡಿದ ಒಬ್ಬಳ ಹಾಸಿಗೆಯ ಪಕ್ಕದಲ್ಲಿ ನಿನ್ನೆಯಿಂದ ಕೂತವಳು.

ಬೇರೆಯವಳಾಗಿದ್ದರೆ ಈ ಜಾಹೀರಾತು ನೋಡಿ ನಾಚಿಕೆಯಿಂದ ಓಡಿಹೋಗುತ್ತಿದ್ದಳು. ಅವಳಿಗೆ ಬಂದಿದ್ದು ಸಿಟ್ಟು. ನನಗೆ ಆ ಮಗುವಿನ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿತು. ಸಿಟ್ಟು ಬರುವವರನ್ನು ಕಂಡರೆ ನನಗೆ ಮೊದಲಿಂದಲೂ ಹಾಗೆ.

ತಾಯಿ ಆ ಜಾಹೀರಾತನ್ನು ಕಣ್ಣು ಕಿರಿದು ಮಾಡಿ ನೋಡಿದಳು. "ಬಲಗಡೆದು ನಾನು ಮಾಡಿದ್ದು. ನಮ್ಮ ಸ್ಟುಡಿಯೋ ಪೇಜಿಗೆ ಹಾಕಿದ್ದೆ, ಯಾರು ಬೇಕಾದ್ರೂ ಕದ್ದಿರಬಹುದು. ಆದರೆ ಈ ಎಡಗಡೆದು..." ತೆರೆಯನ್ನು ಬೆರಳಿಂದ ತಟ್ಟಿದಳು. "ಇದು ಎಲ್ಲಿಂದ ಬಂತು? ಇದು ನನ್ನ ಕಂಪ್ಯೂಟರಲ್ಲೇ ಇಲ್ಲ!"

"ಇನ್ನೆಲ್ಲಿರುತ್ತೆ?"

"ಕ್ಯಾಮೆರಾದ ಕಾರ್ಡಲ್ಲಿ. ಅಷ್ಟೇ."

"ಕ್ಯಾಮೆರಾ ಯಾರ ಕೈಯಲ್ಲಿರುತ್ತೆ?"

ಉತ್ತರ ಎಲ್ಲರಿಗೂ ಗೊತ್ತಿತ್ತು. ಅಜ್ಜಿ ಕಪ್ಪು ಕನ್ನಡಕ ಮೇಲೆತ್ತಿ ಮಗನನ್ನು ನೋಡಿದಳು. ಹೆಂಡತಿ ತಿರುಗಿ ಗಂಡನನ್ನು ನೋಡಿದಳು. ಅವನ ಕೈಯಿಂದ ಲೆನ್ಸಿನ ಮುಚ್ಚಳ ಜಾರಿ, ನೆಲದ ಮೇಲೆ ಉರುಳುತ್ತಾ ಬಾಗಿಲವರೆಗೆ ಹೋಯಿತು.

ಬಾಗಿಲಲ್ಲಿ ಒಂದು ಬಿಳಿ ಬೂಟು ಅದನ್ನು ತಡೆಯಿತು.

*

"ಒಳಗೆ ಬರಬಹುದಾ?"

ಶಾಲೆಯ ಪಿ.ಟಿ. ಮೇಷ್ಟ್ರು. ನೆಟ್ಟಗಿನ ಆಳು, ಕೊರಳಲ್ಲಿ ಹಸಿರು ದಾರಕ್ಕೆ ಕಟ್ಟಿದ ಸೀಟಿ. ನಿನ್ನೆ ಶಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಮರುಗಿದವರು ಇವರೇ. ಮುಚ್ಚಳವನ್ನು ಎತ್ತಿ ಕೌಂಟರಿನ ಮೇಲಿಟ್ಟರು.

"ಮಗು ವಿಷಯ ಏನಾದ್ರೂ ಗೊತ್ತಾಯ್ತಾ? ನನಗೆ ಊಟಾನೇ ಸೇರ್ತಿಲ್ಲ."

"ಗೊತ್ತಾಗುತ್ತೆ, ಆಮೇಲೆ ಬನ್ನಿ ಮೇಷ್ಟ್ರೇ," ಎಂದೆ. ನನ್ನ ಕಣ್ಣು ಸ್ಟುಡಿಯೋದವನ ಮೇಲಿತ್ತು.

"ಖಂಡಿತ, ಖಂಡಿತ. ತೊಂದರೆ ಕೊಡಲ್ಲ." ಅವರ ನೋಟ ನನ್ನ ಕಾಲ ಬಳಿಗೆ ಇಳಿಯಿತು. "ಬ್ಯಾಗ್ ಸಿಕ್ಕಿತಲ್ಲ, ಸದ್ಯ. ಆ ಡಬ್ಬಿಗಳನ್ನ ನನ್ನ ಕೈಗೆ ಕೊಟ್ಬಿಡಿ ಮೇಡಂ. ಮಕ್ಕಳ ವಿಷಯ, ಶಾಲೆ ಒಳಗೇ ವಿಚಾರಿಸೋಣ. ಹೊರಗೆ ಗಲಾಟೆ ಬೇಡ."

"ಆಮೇಲೆ ಬನ್ನಿ ಅಂದೆನಲ್ಲ!"

ಅವರು ಕೈ ಮುಗಿದು ಹೊರಟುಹೋದರು. ನಾನು ಸ್ಟುಡಿಯೋದವನ ಕಡೆ ತಿರುಗುವ ಹೊತ್ತಿಗೆ ಅವನೂ ಬಾಗಿಲು ದಾಟುತ್ತಿದ್ದ.

"ಎಲ್ಲಿಗೆ?"

"ಬ್ಯಾಟರಿ... ಒಂದು ಬ್ಯಾಟರಿ ತರಬೇಕು ಮೇಡಂ. ಬಂದೆ."

"ನಿಲ್ಲೋ!" ಎಂದು ಅವನ ತಾಯಿ ಕೂಗಿದಳು. ನಾನು ಬೀದಿಗೆ ಇಳಿಯುವಷ್ಟರಲ್ಲಿ ಅವನ ಬೈಕು ತಿರುವು ದಾಟಿತ್ತು. ಗಾಳಿಗೆ ಮಣಿಕಟ್ಟಿನ ಹಳದಿ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು.

ನನ್ನ ಬಾಯಿಗೆ ಬಂದ ಮಾತನ್ನು ಬರೆಯುವ ಹಾಗಿಲ್ಲ.

ಒಳಗೆ ಅಜ್ಜಿಯ ಮೊಬೈಲು ಟಿಂಗ್ ಎಂದಿತು.

"ಬನ್ನಿ, ಬನ್ನಿ! ಬೆಣ್ಣೆ ಬಂದ್ಳು! ಫೋನಲ್ಲಿ ಬಂದ್ಳು, ಲೈವ್ ಅಂತೆ!"

ಈ ಸಲ ಯಾರೂ ಅವಳಿಗೆ ಔಷಧಿ ಬಿಟ್ಟುಕೊಂಡು ಮಲಗು ಎನ್ನಲಿಲ್ಲ. ಮೂರು ತಲೆಗಳು ಒಂದು ಅಂಗೈಯಗಲದ ತೆರೆಯ ಮೇಲೆ ಬಾಗಿದವು.

ಹುಡುಗಿ ಮುಚ್ಚಿದ ಒಂದು ಶಟರಿನ ಮುಂದೆ ನಿಂತಿದ್ದಳು. ಮೊಬೈಲನ್ನು ಎದುರಿಗೆ ಎಲ್ಲೋ ಒರಗಿಸಿಟ್ಟಿದ್ದಳು, ಚಿತ್ರ ಸ್ವಲ್ಪ ಮಸುಕಾಗಿತ್ತು. ಎರಡು ಕೈಯಲ್ಲಿ ಎರಡು ಫೋಟೊ.

"ಎಲ್ಲರೂ ಇವೆರಡನ್ನೂ ನೋಡಿದ್ದೀರಿ," ಎಂದಳು. ಫೋಟೊಗಳನ್ನು ಮುಖದ ಎರಡು ಪಕ್ಕಕ್ಕೂ ಎತ್ತಿ ಹಿಡಿದಳು. "ಎಡಗಡೆ ಇರೋದು ನಾನು. ಬಲಗಡೆ ಇರೋದೂ ನಾನೇ. ಎರಡೂ ಒಂದೇ ದಿನ, ಒಂದೇ ಫೋಟೊ. ಮಧ್ಯೆ ಇರೋದು ಪೌಡರ್ ಅಲ್ಲ, ನಮ್ಮಮ್ಮನ ಮೌಸು. ನಾನು ಆ ಪೌಡರ್ ಬಾಯಿಗೇ ಇಟ್ಟಿಲ್ಲ. ದಿನಾ ನನ್ನನ್ನ ಕಣ್ಣಾರೆ ನೋಡ್ತಿದ್ರೂ ನೀವು ಆ ಫೋಟೊನೇ ನಂಬಿ ಕುಡಿದ್ರಿ. ನನ್ನ ಗೆಳತಿ ಕುಡಿದು ಬಿದ್ದಳು. ಹಿಂದೆ ಮುಂದೆ ನೋಡಬೇಡಿ, ಬಿಸಾಕಿ. ನಾನು ಇರೋದೇ ಹೀಗೆ. ನಗಬೇಕು ಅನ್ನಿಸಿದ್ರೆ ನಕ್ಕುಬಿಡಿ, ನನಗೇನೂ ಆಗಲ್ಲ... ಆಗುತ್ತೆ, ಸ್ವಲ್ಪ ಆಗುತ್ತೆ. ಪರವಾಗಿಲ್ಲ. ನೀವು ಅದನ್ನ ಮಾತ್ರ ಕುಡೀಬೇಡಿ."

ತೆರೆಯ ಅಡಿಯಿಂದ ಮಾತುಗಳು ಮೇಲೇರತೊಡಗಿದವು. ನಾನು ಅಂದುಕೊಂಡದ್ದು ಬೈಗುಳ ಬರುತ್ತದೆ ಎಂದು. ಬಂತು, ಒಂದೆರಡು. ಅವನ್ನು ತಳ್ಳಿಕೊಂಡು ಬೇರೆಯವು ಬಂದವು. 'ಈಗಷ್ಟೇ ಬಚ್ಚಲಿಗೆ ಸುರಿದೆ ಕಣೇ.' 'ನನ್ನ ಡಬ್ಬಿನೂ ಬಂದು ತಗೊಂಡು ಹೋಗು.' 'ನಿನ್ನ ಹಲ್ಲು ನನಗೆ ಮೊದಲಿಂದ ಇಷ್ಟ.' ಹೆಸರು ಮುಚ್ಚಿಕೊಂಡ ಯಾರೋ ಒಬ್ಬಳು ಬರೆದಿದ್ದಳು: 'ನಾನು ನಿನ್ನೆಯಿಂದ ಊಟ ಮಾಡಿರಲಿಲ್ಲ. ಈಗ ಅಡುಗೆಮನೆಗೆ ಹೋಗ್ತಿದ್ದೀನಿ.'

ತಾಯಿಯ ಹೆಬ್ಬೆರಳು ತೆರೆಯ ಮೇಲೆ ಹೋಗಿ ಮಗಳ ಎಡಗಣ್ಣಿನ ಕೆಳಗೆ ನಿಂತಿತು. ಅದು ಅವಳ ಕೈಯ ಅಭ್ಯಾಸ. ಅಳಿಸುವ ಜಾಗ. ಬೆರಳು ಅಲ್ಲೇ ಒಂದು ಗಳಿಗೆ ಇತ್ತು, ಆಮೇಲೆ ಮಚ್ಚೆಯ ಮೇಲೆ ಮೆಲ್ಲಗೆ ಸವರಿತು, ನಿದ್ದೆ ಹೋದ ಮಗುವಿನ ಕೆನ್ನೆ ಸವರುವ ಹಾಗೆ.

"ಎಷ್ಟು ಚೆನ್ನಾಗಿ ಮಾತಾಡ್ತಾಳೆ ಅತ್ತೆ," ಎಂದಳು. "ನನಗೆ ಗೊತ್ತೇ ಇರಲಿಲ್ಲ."

"ನಿನಗೆ ಅವಳ ಫೋಟೊ ಗೊತ್ತಿತ್ತು. ಮಾತು ಎಲ್ಲಿ ಕೇಳಿದ್ದೆ?" ಎಂದಳು ಅಜ್ಜಿ. ಅಂದು ಸೊಸೆಯ ಭುಜದ ಮೇಲೆ ಕೈಯಿಟ್ಟಳು.

ಹುಡುಗಿ ಒಂದು ಹೆಜ್ಜೆ ಮುಂದೆ ಬಂದಳು. "ಈಗ ನಾನು ನಿಂತಿರೋದು ಎಲ್ಲಿ ಗೊತ್ತಾ? ಮಾರೋ ಡಬ್ಬಿಗಳನ್ನ ಬಚ್ಚಿಟ್ಟಿರೋ ಜಾಗ ಇದೇ. ನಮ್ಮ ಶಾಲೆಗೆ ಇದನ್ನ ತಂದು ಹಂಚಿದೋರು ಯಾರು ಅಂದ್ರೆ..."

ಪಕ್ಕದಿಂದ ಒಂದು ಕೈ ಬಂತು. ಮಣಿಕಟ್ಟಿಗೆ ಹಳದಿ ಬಟ್ಟೆ.

ತಾಯಿ ಚೀರಿದಳು. ಕೈ ನೇರ ಕ್ಯಾಮೆರಾದ ಮೇಲೆ ಬಂದು ತೆರೆಯೆಲ್ಲ ಹಳದಿಯಾಯಿತು. ಮುಗಿಯಿತು, ಬಾಯಿ ಮುಚ್ಚಿಸಿಬಿಟ್ಟ ಅಂದುಕೊಂಡೆ.

ಹಳದಿ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಸರಿಯಿತು. ಅವನು ಲೆನ್ಸ್ ಒರೆಸಿದ್ದ. ಮಸುಕೆಲ್ಲ ಹೋಗಿ ಮಗಳ ಮುಖ ಕಡೆದಿಟ್ಟ ಹಾಗೆ ನಿಚ್ಚಳವಾಗಿ ಕಂಡಿತು.

"ಅಪ್ಪಾ? ನೀನಾ?"

ಸ್ಟುಡಿಯೋದವನು ಮಗಳ ಪಕ್ಕದಲ್ಲಿ ಬಂದು ನಿಂತ. ಜೀವಮಾನವೆಲ್ಲ ಕ್ಯಾಮೆರಾದ ಹಿಂದೆ ನಿಂತವನಿಗೆ ಮುಂದೆ ನಿಂತು ಅಭ್ಯಾಸವಿಲ್ಲ, ಕೈ ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದ. "ಎಡಗಡೆ ಫೋಟೊ ಹೊರಗೆ ಕೊಟ್ಟೋನು ನಾನೇ," ಎಂದ. "ಮಗಳಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಏನಂತ ಹೇಳಿ ನನ್ನ ಹತ್ತಿರ ತಗೊಂಡ್ರು, ಯಾರು ತಗೊಂಡ್ರು, ಈಗ ಎಲ್ಲರ ಮುಂದೆ..."

ಅವರ ಬೆನ್ನ ಹಿಂದೆ ಶಟರು ಕಿರ್ರ್ ಎಂದಿತು.

ಇಬ್ಬರೂ ತಿರುಗಲಿಲ್ಲ. ಬೀದಿಯ ಸದ್ದು ಇದ್ದಿರಬೇಕು. ಶಟರು ಒಳಗಿನಿಂದ ಒಂದು ಮೊಳ ಮೇಲೆದ್ದಿತು. ಸಂದಿಯಲ್ಲಿ ಎರಡು ಬಿಳಿ ಬೂಟು. ಇನ್ನೊಂದಿಷ್ಟು ಮೇಲೆದ್ದಿತು. ಒಳಗಿನವರು ಹೊರಬರಲು ಬಗ್ಗಿದಾಗ ಕೊರಳಿನಿಂದ ಏನೋ ಜೋತುಬಿದ್ದು ತೂಗಾಡಿತು. ಹಸಿರು ದಾರ. ಅದರ ತುದಿಗೆ ಸೀಟಿ.

"ತಿರುಗಿ ನೋಡ್ರೋ!" ಅಜ್ಜಿ ಮೊಬೈಲಿಗೆ ಕೂಗಿದಳು, ಅದಕ್ಕೆ ಕೇಳಿಸುತ್ತದೆ ಎಂಬಂತೆ.

ತೆರೆ ಕಪ್ಪಾಯಿತು.

ತಾಯಿ ಆಗಲೇ ಹೊರಗೆ ಸ್ಕೂಟರಿಗೆ ಒದೆಯುತ್ತಿದ್ದಳು. "ಆ ಶಟರು ನನಗೆ ಗೊತ್ತು ಮೇಡಂ, ನಮ್ಮ ಹಳೇ ಸ್ಟುಡಿಯೋದ್ದೇ! ನಮ್ಮ ಯಜಮಾನ್ರೇ ಯಾರಿಗೋ ಬಾಡಿಗೆಗೆ ಕೊಟ್ಟಿದ್ದು. ಹತ್ತಿ!"

ಚೀಲ ಎತ್ತಿಕೊಳ್ಳಲು ಬಗ್ಗಿದವಳು ಅಲ್ಲೇ ನಿಂತೆ. ಜಿಪ್ ಕೊನೆಯವರೆಗೆ ಎಳೆದಿತ್ತು, ನಾನು ಎಳೆದ ಹಾಗೆಯೇ. ಆ ಡಬ್ಬಿಗಳನ್ನ ನನ್ನ ಕೈಗೆ ಕೊಟ್ಬಿಡಿ, ಎಂದಿದ್ದರು ಮೇಷ್ಟ್ರು.

ಒಳಗೆ ಡಬ್ಬಿ ಇದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ.